ಏಳನೇ ಪಕ್ಕೆಲುಬು

ನಮ್ಮೂರಿನಲ್ಲಿ ಎಲ್ಲಕ್ಕಿಂತ ಸಪಾಟಾದದ್ದು ಒಂದು ಗೋರಿಕಲ್ಲು.
ಸತ್ತವರ ಹೆಸರಿನಲ್ಲಿ ಒಂದಕ್ಷರ ತಪ್ಪಿ, ಮನೆಯವರು ಬೇಡವೆಂದದ್ದು.
ಕಲ್ಲು ಕೆತ್ತುವ ಓಸ್ಟಾಪ್ ನಲವತ್ತು ಡಾಲರಿಗೆ ಕೊಟ್ಟ.
ನಾಲ್ಕು ಜನ ಹೊತ್ತು ತಂದು ಮೇಜಿನ ಮೇಲೆ ಮಲಗಿಸಿದೆವು,
ಬರಹ ಕೆಳಗೆ, ನುಣುಪು ಮೇಲೆ.
ಸಾಸ್ಕಾಚೆವಾನಿನ ಜನವರಿ. ಹೊರಗೆ ಮೈನಸ್ ಮೂವತ್ತೊಂದು.
ಗ್ಯಾರೇಜಿನ ಹೀಟರು ಮುದಿ ಬೆಕ್ಕಿನ ಹಾಗೆ ಗೊರಗುಟ್ಟುತ್ತ
ಒಂದು ಮೂಲೆಯನ್ನಷ್ಟೇ ಬೆಚ್ಚಗಿಟ್ಟಿದೆ.

ಅಕ್ಕ ಯೂಸ್ತೀನಾ, ಮೂವತ್ತು ವರ್ಷ
ಶಾಲೆಯ ಬಸ್ಸುಗಳ ಕೆಳಗೆ ಅಂಗಾತ ಮಲಗಿ ದುಡಿದವಳು,
ಈಗ ವಿಮಾನ ಕಟ್ಟುತ್ತಿದ್ದಾಳೆ.
ಯಾಕೆಂದು ಕೇಳಿದವರಿಗೆ
“ಸಾಕಾಯಿತು, ಇನ್ನು ಮೇಲಿನಿಂದ ನೋಡೋಣ ಅಂತ” ಅನ್ನುತ್ತಾಳೆ.
ನನ್ನ ಕೆಲಸ ಇನ್ನೊಂದು ತುದಿ ಹಿಡಿಯುವುದು.

ರೆಕ್ಕೆಗೆ ಇಪ್ಪತ್ತೆಂಟು ಪಕ್ಕೆಲುಬು, ಉಗುರಿನಷ್ಟು ತೆಳು ಅಲ್ಯುಮಿನಿಯಂ,
ಯಾರೋ ಎಲ್ಲೋ ಅಚ್ಚಿಗೆ ಒತ್ತಿ ಅಂಚು ಮಡಿಸಿದ್ದು.
ಆ ಅಂಚು ಇರಬೇಕಾದ್ದಕ್ಕಿಂತ ಒಂದು ಕೂದಲೆಳೆ ಉದ್ದ.
ಎಲ್ಲಿ ಹೋಗಬೇಕು ಆ ಉದ್ದ?
ಜಾಗವಿಲ್ಲದೆ ಇಡೀ ಮೈಯನ್ನೇ ಬಾಗಿಸುತ್ತದೆ.
ಕಲ್ಲಿನ ಮೇಲಿಟ್ಟರೆ ದೋಣಿ.
ಈ ತುದಿ ಒತ್ತಿದರೆ ಆ ತುದಿ ಏಳುತ್ತದೆ,
ತಪ್ಪೊಪ್ಪದ ಹುಡುಗನ ಗದ್ದದ ಹಾಗೆ.
ಅಡಿಗೆ ಟಾರ್ಚು ಹಿಡಿದರೆ ಸಂದಿನಿಂದ
ಬೆಳಕು ಹಲ್ಲು ಕಿರಿಯುತ್ತದೆ.

ಡೊಂಕಿಗೆ ಸುತ್ತಿಗೆಯೇ ಮದ್ದೆಂದು ನಂಬಿದವನು ನಾನು.
ಏಳನೆಯದನ್ನು ಕಲ್ಲಿನ ಮೇಲೆ ಹಾಸಿ ಮರದ ಸುತ್ತಿಗೆಯಲ್ಲಿ
ಮೆಲ್ಲಗೆ ತಟ್ಟಿದೆ. ಆಮೇಲೆ ಅಷ್ಟು ಮೆಲ್ಲಗಲ್ಲ.
ತಟ್ಟಿದಷ್ಟೂ ಲೋಹ ಹಿಗ್ಗಿತು, ಹಿಗ್ಗಿದಷ್ಟೂ ಸೊಟ್ಟಗಾಯಿತು,
ನಡುವೆ ಹಪ್ಪಳದಂತೆ ಒಂದು ಗುಳ್ಳೆ.
ಒತ್ತಿದರೆ ಆಚೆ, ಟಪ್. ಬಿಟ್ಟರೆ ಈಚೆ, ಟಪ್.
ಅಕ್ಕ ಬೈಯಲಿಲ್ಲ. ಬಾಗಿಲು ತೆರೆದು
ಸುತ್ತಿಗೆಯನ್ನು ಹಿಮಕ್ಕೆ ಎಸೆದಳು.
ಏಪ್ರಿಲಿನಲ್ಲಿ ಸಿಕ್ಕೀತು.

ಆಮೇಲೆ ಇಕ್ಕಳ ಬಂತು: ಕೆಳಗೆ ಎರಡು ಬೆರಳು, ಮೇಲೆ ಒಂದು.
ರಿವೆಟ್ಟಿನ ತೂತಿಗೂ ತೂತಿಗೂ ನಡುವೆ
ಅಂಚನ್ನು ಒಳಮುಖಕ್ಕೆ ಚಿವುಟಬೇಕು,
ಅಮ್ಮ ವರೆನಿಕಿ ಕಡುಬಿನ ಬಾಯಿ ಚಿವುಟುತ್ತಿದ್ದಳಲ್ಲ, ಹಾಗೆ.
“ಅವಳದು ಗಟ್ಟಿ ನಿಲ್ಲುತ್ತಿತ್ತು,” ಅಂದಳು ಅಕ್ಕ,
“ನಿನ್ನದು ಕುದಿನೀರಲ್ಲಿ ಬಾಯಿ ಬಿಡುತ್ತಿತ್ತು.”
ಒಂದು ನೆರಿಗೆ. ಕಲ್ಲಿಗಿಟ್ಟು ನೋಡು.
ಇನ್ನೊಂದು. ನೋಡು.
ಹೆಚ್ಚಾದ ಉದ್ದವನ್ನು ಗುಟುಕು ಗುಟುಕಾಗಿ ನೆರಿಗೆಗಳು ನುಂಗಿ
ಬೆನ್ನು ತಾನಾಗಿಯೇ ಇಳಿಯುತ್ತದೆ.
ನೆಟ್ಟಗಾಗಲು ಹತ್ತು ಕಡೆ ಸೊಟ್ಟಗಾಗಬೇಕು ಎಂದೆ.
“ಪಾದ್ರಿಯ ಕೆಲಸ ಪಾದ್ರಿಗಿರಲಿ. ನೀನು ಟಾರ್ಚು ಹಿಡಿ.”

ಅತಿಯಾದರೆ ಉಲ್ಟಾ ಬಾಗುತ್ತದೆ. ಹನ್ನೊಂದನೆಯದು ಹಾಗಾಯಿತು;
ಚಪ್ಪಟೆ ಇಕ್ಕಳದಲ್ಲಿ ಒಂದು ನೆರಿಗೆಯ ಕಿವಿ ಹಿಂಡಿ ಸಡಿಲಿಸಿದೆವು.
ಹತ್ತೊಂಬತ್ತಕ್ಕೆ ಏನೂ ಬೇಕಾಗಲಿಲ್ಲ,
ಹುಟ್ಟಿನಿಂದಲೇ ಸಂಭಾವಿತ.
ಅದರ ಮೇಲೆ ಇಬ್ಬರಿಗೂ ಇನ್ನೂ ಸಣ್ಣ ಗುಮಾನಿ.

ಫೆಬ್ರವರಿಯ ಕೊನೆಗೆ ಗೋಡೆಯ ಮೇಲೆ ಇಪ್ಪತ್ತೇಳು,
ದೊಡ್ಡ ಮೀನೊಂದನ್ನು ತಿಂದು ಮುಗಿಸಿದ ಹಾಗೆ.
ನನಗೆ ಹೇಳದೆಯೇ ಅಕ್ಕ ಹೊಸ ಏಳನ್ನು ತರಿಸಿದ್ದಳು.
ರಟ್ಟು ಬಿಚ್ಚಿ ಕಲ್ಲಿನ ಮೇಲಿಟ್ಟೆವು.
ಅದೂ ದೋಣಿ.
ಅವಳು ಇಕ್ಕಳವನ್ನು ನನ್ನ ಕಡೆಗೆ ತಳ್ಳಿ
ಇನ್ನೊಂದು ತುದಿ ಹಿಡಿದಳು.

ಮೂರನೇ ನೆರಿಗೆಗೆ ಬೆಳಕು ತೆಳುವಾಯಿತು,
ಐದಕ್ಕೆ ಗೆರೆ, ಆರಕ್ಕೆ ಅಲ್ಲೊಂದು ಇಲ್ಲೊಂದು ಚುಕ್ಕೆ.
ಏಳಕ್ಕೆ ಸಿಗರೇಟಿನ ಕಾಗದವನ್ನು ತೂರಿಸಿ ನೋಡಿದಳು.
ಹೋಗಲಿಲ್ಲ.
ಅವಳು ಏನೂ ಹೇಳಲಿಲ್ಲ, ಹೀಟರಿಗೆ ಬೆನ್ನು ಕಾಯಿಸಿಕೊಂಡಳು.
ಕಲ್ಲಿನ ಹೊಟ್ಟೆಯಡಿ ತಪ್ಪಕ್ಷರದ ಹೆಸರೊಂದು
ನಮ್ಮೆಲ್ಲರನ್ನೂ ಹೊತ್ತು ಮಲಗಿತ್ತು.

ಹಳೆಯ ಏಳು ಬಾಗಿಲ ಪಕ್ಕದ ಮೊಳೆಯಲ್ಲಿದೆ.
ಬಯಲುಗಾಳಿ ನುಗ್ಗಿದಾಗಲೆಲ್ಲ
ಟಪ್ ಅನ್ನುತ್ತದೆ, ಆಚೆ.
ಸ್ವಲ್ಪ ಹೊತ್ತು ಬಿಟ್ಟು, ಈಚೆ.